ಎಡಮೂಲೆಯ ಒತ್ತು

ಬಟ್ಟೆ ಸುಲಿದವನು ನಮ್ಮ ಮೇಸ್ತ್ರಿ, ಅಡ್ಡಪಟ್ಟಿ. ದೋಣಿಯೊಳಗೆ ಮಂಡಿಯೂರಿ, ಹಿಂಬದಿ ಹಲಗೆಯ ಎಡಮೂಲೆಗೆ ಉಳಿಯ ತುದಿ ತೂರಿಸಿ ಒಂದೇ ಸಲ ಮೀಟಿದ. ಗಾಜಿನ ಬಟ್ಟೆ ಬೊಕ್ಕೆಯ ಮೇಲಿನ ಚರ್ಮದ ಹಾಗೆ ಎದ್ದು ಬಂತು. ಚೆನ್ನಾಗಿ ಅಂಟಿದ ಬಟ್ಟೆ ಹಾಗೆ ಬರುವುದಿಲ್ಲ. ಮರದ ನಾರನ್ನು ಕಿತ್ತುಕೊಂಡೇ ಬರುತ್ತದೆ. ಇದು ಸುಮ್ಮನೆ ಬಂತು. ಕಪ್ಪು ನೀರು ಅವನ ಮಣಿಕಟ್ಟಿನ ಮೇಲೆ ಹರಿದು ಮೊಣಕೈಯಿಂದ ತೊಟ್ಟಿಕ್ಕಿತು.

"ಇದೆ," ಎಂದ, ಕೆಳಗೆ ನಿಂತಿದ್ದ ಯಜಮಾನನಿಗೆ. "ಒತ್ತು ಇದೆ."

ಮೂಲೆಗೆ ತುಂಬಿದ್ದ ಪುಟ್ಟಿಯನ್ನು ತುಂಡಾಗಿ ಎಬ್ಬಿಸಿ, ಅಂಗೈಯಲ್ಲಿಟ್ಟುಕೊಂಡು ಏಣಿ ಇಳಿದ. ಅದರ ನಡುವೆ, ಗಟ್ಟಿಯಾದ ರೆಸಿನ್ ಅಂಟಿನೊಳಗೆ ಹುಳು ಸಿಕ್ಕಿಕೊಂಡಂತೆ, ಹೆಬ್ಬೆರಳು ಒತ್ತಿದ ಗುಂಡಿ. ಯಜಮಾನ ಅದನ್ನು ಬೆಳಕಿಗೆ ಹಿಡಿದ. ಗುಂಡಿ ನುಣ್ಣಗಿತ್ತು. ಗೆರೆಯೇ ಇರಲಿಲ್ಲ.

ಶೆಡ್ಡಿನಲ್ಲಿ ನಾವು ಹನ್ನೊಂದು ಮಂದಿ. ಗೆರೆಯಿಲ್ಲದ ಹೆಬ್ಬೆರಳು ಇಬ್ಬರಿಗೆ. ನನಗೆ ಮತ್ತು ಅಕ್ಕನಿಗೆ.

ಆ ದೋಣಿಯಲ್ಲಿ ಸತ್ತವನು ಅಕ್ಕನ ಗಂಡ.

ನಮ್ಮ ಕೆಲಸಕ್ಕೆ ಮೂಲೆ ಸಾಯಿಸುವುದು ಎನ್ನುತ್ತಾರೆ. ಮರದ ದೋಣಿ ಹಳತಾದರೆ ಅದರ ಮೈಗೆ ಗಾಜಿನ ಬಟ್ಟೆ ಹಾಸಿ ರೆಸಿನ್ ಕುಡಿಸುತ್ತಾರೆ. ಬಯಲಿನಲ್ಲಿ ಬಟ್ಟೆ ಹೇಳಿದ ಮಾತು ಕೇಳುತ್ತದೆ. ಮೂಲೆಗೆ ಬಂದರೆ ಹಟ. ಚೂಪಾದ ಅಂಚಿನ ಮೇಲೆ ಬಾಗುವುದಿಲ್ಲ. ಸೆಟೆದುಕೊಳ್ಳುತ್ತದೆ. ಅಡಿಯಲ್ಲಿ ಗಾಳಿ ನಿಲ್ಲುತ್ತದೆ. ಇವತ್ತು ಗಾಳಿ ನಿಂತಲ್ಲಿ ನಾಳೆ ನೀರು. ಅದಕ್ಕೇ ಬಟ್ಟೆಗಿಂತ ಮುಂಚೆ ನಾವು. ಹೊರಮೂಲೆಯನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ಉಜ್ಜಿ, ಹೆಬ್ಬೆರಳಿನ ತುದಿಯಷ್ಟು ದುಂಡಗೆ ಮಾಡಬೇಕು. ಒಳಮೂಲೆಗೆ ರೆಸಿನ್ನಿನಲ್ಲಿ ಮರದ ಹಿಟ್ಟು ಕಲಸಿದ ಪುಟ್ಟಿ ತುಂಬಿ, ಹೆಬ್ಬೆರಳನ್ನು ಮೇಲಿಂದ ಕೆಳಕ್ಕೆ ಎಳೆಯಬೇಕು. ಒಂದೇ ಎಳೆತ. ಎರಡನೆಯದು ಎಳೆದರೆ ಅಲೆ ಬೀಳುತ್ತದೆ. ಕೈಗವಸು ಹಾಕಿಕೊಂಡರೆ ಪುಟ್ಟಿ ಅದಕ್ಕೆ ಅಂಟುತ್ತದೆ, ಎರಡು ಮೂಲೆಗೆ ಒಂದು ಕೈಗವಸು ಹಾಳು. ಹಾಕಿಕೊಳ್ಳದಿದ್ದರೆ ಚರ್ಮಕ್ಕೆ ಅಂಟುತ್ತದೆ. ಚರ್ಮ ಮತ್ತೆ ಬೆಳೆಯುತ್ತದೆ, ಕೈಗವಸು ಬೆಳೆಯುವುದಿಲ್ಲ ಎಂದು ಯಜಮಾನ ಒಮ್ಮೆ ಹೇಳಿದ್ದ. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ.

ಮೂರು ವರ್ಷಕ್ಕೆ ಗೆರೆ ಹೋಗುತ್ತದೆ. ಐದು ವರ್ಷಕ್ಕೆ ಬೆರಳ ತುದಿಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ. ಗೇಟಿನಲ್ಲಿ ಹೆಬ್ಬೆರಳು ಇಡುವ ಯಂತ್ರವಿದೆ. ನಾವು ಬೆರಳಿಟ್ಟರೆ ಅದು ಕೆಂಪಗೆ ಮಿನುಗಿ ಕೂಗುತ್ತದೆ. ಕಾವಲುಗಾರ ಪುಸ್ತಕದಲ್ಲಿ ಪ್ರತಿದಿನ ಒಂದೇ ಸಾಲು ಬರೆಯುತ್ತಾನೆ: ಮೂಲೆಯವರು, ಇಬ್ಬರು. ಹೆಸರು ಕೇಳಿದವನಲ್ಲ.

ಮರ ಒಣಗಿದೆಯೋ ಇಲ್ಲವೋ ನೋಡಲು ನಮಗೆ ಉಳಿದಿರುವುದು ಕೆನ್ನೆ. ಹಸಿ ಮರ ಮೇಲೆ ಎಷ್ಟೇ ಬೆಳ್ಳಗೆ ಕಾಣಲಿ, ಕೆನ್ನೆಗೆ ತಣ್ಣಗಿರುತ್ತದೆ. ಹಸಿ ಮರಕ್ಕೆ ಪುಟ್ಟಿ ಹಿಡಿಯುವುದಿಲ್ಲ. ಹಿಡಿದಂತೆ ನಟಿಸುತ್ತದೆ. ನೀರಿಗಿಳಿದು ಎಂಜಿನ್ ನಡುಗಿಸತೊಡಗಿದ ಮೇಲೆ ಬಿಡುತ್ತದೆ.

ಒತ್ತು ಯಜಮಾನನ ಕಾನೂನು. ಶೆಡ್ಡೂ ಅವನದು, ದೋಣಿಗಳೂ ಅವನವು. ಹಿಂದೆ ಒಂದು ದೋಣಿಯ ಮೂಲೆ ಕಿತ್ತುಬಂದಾಗ ಯಾರನ್ನು ಒದೆಯಬೇಕೆಂದು ಅವನಿಗೆ ತಿಳಿಯಲಿಲ್ಲವಂತೆ. ಅಂದಿನಿಂದ, ಮೂಲೆ ಎಳೆದವರು ಬಟ್ಟೆ ಬೀಳುವ ಮುಂಚೆ ಹಸಿ ಪುಟ್ಟಿಯಲ್ಲಿ ಹೆಬ್ಬೆರಳು ಒತ್ತಬೇಕು. ಗುಂಡಿಯಲ್ಲಿ ರೆಸಿನ್ ತುಂಬಿಕೊಂಡು ಗಾಜಾಗುತ್ತದೆ. ಮೇಲೆ ಬಟ್ಟೆ. ಬಟ್ಟೆಯ ಮೇಲೆ ಬಣ್ಣ. ಹೊರಗೆ ಏನೂ ಕಾಣುವುದಿಲ್ಲ. ದೋಣಿ ಒಡೆದರೆ ಮಾತ್ರ ನಮ್ಮ ಗುರುತು ಸಿಗುತ್ತದೆ.

ಭಾವನಿಗೆ ಅದನ್ನು ಕಂಡರೆ ತಮಾಷೆ. "ನಮ್ಮ ದೋಣಿ ತುಂಬಾ ಇವರಿಬ್ಬರ ಹೆಬ್ಬೆಟ್ಟು. ಓಡಿಹೋಗೋಣ ಅಂದ್ರೂ ಇವರ ಮೇಲೇ ಕೂತ್ಕೊಂಡು ಓಡಬೇಕು," ಎನ್ನುತ್ತಿದ್ದ. ನಾನು ಅಕ್ಕನ ಮನೆಯಲ್ಲೇ ಇದ್ದೆ. ಒಂದು ಕೋಣೆ, ನಡುವೆ ಹಗ್ಗಕ್ಕೆ ಕಟ್ಟಿದ ಹಳೆಯ ಹಾಯಿಬಟ್ಟೆ. ನಮ್ಮ ಬಟ್ಟೆಯಿಂದ ಗಾಜಿನ ಹುಡಿ ಉದುರಿ ಚಾಪೆಗೆ, ಹೊದಿಕೆಗೆ, ನೀರಿನ ಬಕೆಟ್ಟಿಗೆ ಸೇರುತ್ತಿತ್ತು. ಭಾವ ಬೆನ್ನು ತುರಿಸಿಕೊಳ್ಳುತ್ತ ಏಳುತ್ತಿದ್ದ. "ಈ ಮನೇಲಿ ಮಲಗಿದ್ರೆ ಕನಸೂ ತುರಿಸುತ್ತೆ ಕಣ್ರೇ."

ದೋಣಿಯಲ್ಲಿ ಐದು ಜನ ಇದ್ದರು. ಎಂಜಿನ್ ನೋಡಿಕೊಳ್ಳುವವನು ಭಾವ. ಎಡಮೂಲೆ ಬಿಟ್ಟಾಗ ಹಿಂಬದಿ ಹಲಗೆ ಬಾಗಿಲಿನಂತೆ ತೆರೆದುಕೊಂಡಿತಂತೆ. ಹಲಗೆಗೆ ಬಿಗಿದಿದ್ದ ಎಂಜಿನ್ ಅದರ ಜೊತೆಗೇ ಹೋಯಿತು. ಭಾವನ ಕಾಲು ಎಂಜಿನ್ನಿನ ಹಗ್ಗಕ್ಕೆ ಸಿಕ್ಕಿತ್ತು. ಉಳಿದ ನಾಲ್ವರು ಎಣ್ಣೆ ಕ್ಯಾನುಗಳನ್ನು ತಬ್ಬಿಕೊಂಡು ಸಂಜೆಯವರೆಗೆ ತೇಲಿದರು. ದೋಣಿಯನ್ನು ಎಳೆದು ತಂದರು. ಭಾವ ಸಿಗಲಿಲ್ಲ.

ಐದನೆಯ ದಿನ ಅಕ್ಕ ಕೆಲಸಕ್ಕೆ ಬಂದಳು. ಬರದಿದ್ದರೆ ಅವಳ ಜಾಗಕ್ಕೆ ಬೇರೆಯವರು ಬರುತ್ತಾರೆಂದು ಅಡ್ಡಪಟ್ಟಿ ಹೇಳಿ ಕಳಿಸಿದ್ದ. ಅವಳು ಬಂದ ದಿನವೇ ಆ ದೋಣಿಯನ್ನು ಶೆಡ್ಡಿಗೆ ಏರಿಸಿದ್ದರು. ಅವಳ ಎದುರಿಗೇ ಸುಲಿದರು.

"ಯಾರದೇ ಇದು?" ಯಜಮಾನ ಕೇಳಿದ.

ಅವನು ಎತ್ತರದ ಮನುಷ್ಯ, ಮೆಲುಮಾತಿನವನು. ಕೂಗುವ ಕೆಲಸಕ್ಕೆ ಅಡ್ಡಪಟ್ಟಿ ಇದ್ದ. ಅಡ್ಡಪಟ್ಟಿ ಎಂಬ ಹೆಸರು ನಾವಿಟ್ಟದ್ದು. ಕೈಯಲ್ಲಿ ಯಾವಾಗಲೂ ಒಂದು ಮೊಳದ ಉಕ್ಕಿನ ಪಟ್ಟಿ. ಮರ ಅಳೆದದ್ದಕ್ಕಿಂತ ಬೆನ್ನು ಅಳೆದದ್ದು ಹೆಚ್ಚು.

"ಬಾಯಲ್ಲೂ ಪುಟ್ಟಿ ತುಂಬ್ಕೊಂಡಿದೀರೇನ್ರೇ? ಯಜಮಾನ್ರು ಕೇಳ್ತಿದಾರೆ."

ಅಕ್ಕ ಆ ತುಂಡನ್ನೇ ನೋಡುತ್ತಿದ್ದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಮೂಲೆ ಎಳೆದ ದಿನ ಎಡಮೂಲೆ ಅವಳದು. ಬಲಮೂಲೆ ನನ್ನದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ನಂದು," ಎಂದೆ.

ಅಡ್ಡಪಟ್ಟಿ ನನ್ನ ಕೈ ಹಿಡಿದೆಳೆದು ಹೆಬ್ಬೆರಳನ್ನು ಗುಂಡಿಯಲ್ಲಿ ಕೂರಿಸಿದ. ಸರಿಯಾಗಿ ಕೂತಿತು. ಒಂದೇ ಹೊಟ್ಟೆಯ ಮಕ್ಕಳು. ಅಮ್ಮನ ಹೆಬ್ಬೆರಳೇ ಇಬ್ಬರಿಗೂ.

"ಹೊಟ್ಟೆ ತಣ್ಣಗಾಯ್ತಾ?" ಎಂದ ಅವನು ನನಗೆ. "ಸ್ವಂತ ಭಾವನ್ನೇ ತಿಂದ್ಯಲ್ಲೇ."

ಮೂಲೆ ಎಳೆದ ಆ ದಿನ ನಡೆದದ್ದು ಇಷ್ಟು. ಮರುದಿನ ದೋಣಿ ನೀರಿಗಿಳಿಯಬೇಕಿತ್ತು. ಹಲಗೆಯ ಮೇಲೆ ಬಿಸಿಗಾಳಿ ಬಿಟ್ಟು ಬೆಳ್ಳಗೆ ಮಾಡಿದ್ದರು. ಅಕ್ಕ ಎಡಮೂಲೆಗೆ ಕೆನ್ನೆ ಇಟ್ಟಳು. ಎದ್ದು, "ಹಸಿ ಇದೆ, ಮೇಸ್ತ್ರಿ," ಎಂದಳು. ನಾನು ಬಲಮೂಲೆಗೆ ಕೆನ್ನೆ ಇಟ್ಟೆ. ಅದೂ ತಣ್ಣಗಿತ್ತು. ನಾನು ಏನೂ ಹೇಳಲಿಲ್ಲ. ಅಡ್ಡಪಟ್ಟಿ ಯಜಮಾನನ ಹತ್ತಿರ ಹೋಗಿ ಬಂದ. "ಒಣಗಿದೆಯಂತೆ," ಎಂದ. ಅಕ್ಕ, "ಎರಡು ದಿನ ಬಿಡಿ, ನಾನೇ ಕೂತು ಒಣಗಿಸ್ತೀನಿ," ಎಂದಳು. ಉಕ್ಕಿನ ಪಟ್ಟಿ ಅವಳ ಕೆನ್ನೆಗೆ ಬಿತ್ತು. ಮರಕ್ಕೆ ಇಟ್ಟ ಕೆನ್ನೆಗೇ. "ಈ ಕೆನ್ನೆ ಯಜಮಾನ್ರಿಗಿಂತ ಹೆಚ್ಚು ಓದಿದೆಯಾ? ಎಳಿ. ಒತ್ತು."

ಅಕ್ಕ ಎಳೆದಳು. ಒತ್ತಿದಳು. ನಾನೂ ಎಳೆದೆ. ಒತ್ತಿದೆ. ಮನೆಗೆ ಬಂದು ಭಾವನಿಗೆ ಅಕ್ಕ ಹೇಳಿದಳು, ಮೂಲೆ ಹಸಿ ಇದೆ ಅಂತ. ಭಾವ ಬೂಟಿನ ದಾರ ಬಿಚ್ಚುತ್ತಿದ್ದ. "ಹೋಗಲ್ಲ ಅಂದ್ರೆ ಇನ್ನೊಬ್ಬ ಹೋಗ್ತಾನೆ," ಎಂದ. "ಅವನಿಗೂ ಹೆಂಡತಿ ಇರ್ತಾಳೆ."

ಸಾವಿನ ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ದೋಣಿಯನ್ನು ಒಂದು ಸುತ್ತು ಹಾಕಿದರು. ಯಜಮಾನ ಪುಟ್ಟಿಯ ತುಂಡನ್ನು ಕಾಗದದ ಮೇಲಿಟ್ಟು ತೋರಿಸಿದ. ನನ್ನ ಹೆಬ್ಬೆರಳು ತೋರಿಸಿದ. ಅವರಲ್ಲಿ ಒಬ್ಬ ನನ್ನ ಬೆರಳನ್ನು ಪೆನ್ನಿನ ತುದಿಯಿಂದ ಮುಟ್ಟಿದ.

"ಮರ ಹಸಿ ಇತ್ತು," ಎಂದೆ.

"ಹಸಿ ಮರದ ಮೇಲೆ ಯಾಕಮ್ಮ ಕೆಲಸ ಮಾಡ್ದೆ?" ಎಂದ ಅವನು. ನಿಜವಾಗಿ ತಿಳಿದುಕೊಳ್ಳಬೇಕೆನ್ನುವವನ ದನಿ. ಉತ್ತರಕ್ಕೆ ಕಾಯದೆ ಬರೆದ. ಕೆಲಸಗಾರಳ ಅಲಕ್ಷ್ಯ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮೂಲೆ ಸಾಯಿಸಲು ಬರುವವರು ನಾವಿಬ್ಬರೇ. ಅದರ ಬದಲು ಅಡ್ಡಪಟ್ಟಿ ದೋಣಿಯ ಹೊಟ್ಟೆಗೆ ಬಳಿಯುವ ಕೆಂಪು ಬಣ್ಣದ ಡಬ್ಬ ತಂದ. ಪ್ರತಿದಿನ ಬೆಳಿಗ್ಗೆ ಗೇಟಿನಲ್ಲಿ, ಎಲ್ಲರ ಮುಂದೆ, ನನ್ನ ಹೆಬ್ಬೆರಳನ್ನು ಅದರಲ್ಲಿ ಅದ್ದುತ್ತಿದ್ದ. "ಯಾರ ಮೂಲೆ ಅಂತ ದೋಣಿಯವರಿಗೆ ಗೊತ್ತಾಗ್ಬೇಕಲ್ಲ." ಆ ಬಣ್ಣ ಶಂಖ ಚಿಪ್ಪು ಅಂಟದಿರಲಿ ಎಂದು ವಿಷ ಬೆರೆಸಿದ್ದು. ಎರಡನೆಯ ವಾರಕ್ಕೆ ಉಗುರಿನ ಬುಡ ಸೀಳಿತು. ಆ ಕೈಯಲ್ಲಿ ಉಣ್ಣುವಂತಿರಲಿಲ್ಲ. ಅಂಗಡಿಯವನು ನಾನು ಮುಟ್ಟಿದ್ದನ್ನು ಬಟ್ಟೆಯಿಂದ ಒರೆಸಿ ಇಡುತ್ತಿದ್ದ. ಕೇರಿಯ ನಲ್ಲಿಯಲ್ಲಿ ನನ್ನ ಬಕೆಟ್ಟಿನ ಹಿಂದೆ ಯಾರೂ ಬಕೆಟ್ ಇಡುತ್ತಿರಲಿಲ್ಲ. ಇಲ್ಲಿಯ ಗಂಡಸರೆಲ್ಲ ಯಜಮಾನನ ದೋಣಿಗೆ ಹೋಗುವವರು. ಪ್ರತಿ ಹೆಂಗಸಿಗೂ ತನ್ನ ಗಂಡನ ಕಾಲ ಕೆಳಗಿನ ಮೂಲೆಯ ಚಿಂತೆ.

ಇನ್ನೂ ಒಂದು ಶಿಕ್ಷೆ ಇತ್ತು. ಆ ದೋಣಿಯ ಹಳೆಯ ಬಟ್ಟೆಯನ್ನೆಲ್ಲ ಬರಿಗೈಯಲ್ಲಿ ನಾನೊಬ್ಬಳೇ ಸುಲಿಯಬೇಕು. ಒಣಗಿದ ಗಾಜು ಸುಲಿಯುವಾಗ ಸೂಜಿ ಸೂಜಿಯಾಗಿ ಮುರಿಯುತ್ತದೆ. ಅಂಗೈಗೆ ಹೊಕ್ಕಿದ್ದು ಕಣ್ಣಿಗೆ ಕಾಣುವುದಿಲ್ಲ. ಹೊಳೆಯುತ್ತದೆ ಅಷ್ಟೆ. ಅಕ್ಕ ಹತ್ತು ಮಾರು ದೂರದಲ್ಲಿ ಬೇರೆ ದೋಣಿಯ ಮೂಲೆ ಉಜ್ಜುತ್ತಿದ್ದಳು. ಅರದ ಸದ್ದು ಒಂದು ಸಲವೂ ನಿಲ್ಲುತ್ತಿರಲಿಲ್ಲ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಮನೆಯಲ್ಲೂ ಹಾಯಿಬಟ್ಟೆಯ ಆಚೆಗೇ ಇರುತ್ತಿದ್ದಳು. ನಾನು ಅವಳನ್ನು ಕಾಪಾಡಿದ್ದೇನೆ ಎಂದುಕೊಂಡಿದ್ದೆ. ಬೆರಳು ಉರಿದಾಗೆಲ್ಲ ಅದನ್ನೇ ನೆನೆದು ಹಲ್ಲು ಕಚ್ಚುತ್ತಿದ್ದೆ.

ಭಾವನ ತಾಯಿ ಊರಾಚೆ ಮಗಳ ಮನೆಯಲ್ಲಿದ್ದವರು. ಅಕ್ಕನಿಗೆ ಅತ್ತೆ. ನನಗೂ ಕರೆದು ಅಭ್ಯಾಸವಾಗಿ ಅತ್ತೆಯೇ. ಸುದ್ದಿ ಕೇಳಿ ಬಂದವರು ಮಾರನೆಯ ಬೆಳಿಗ್ಗೆಯಿಂದ ಶೆಡ್ಡಿನ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂರತೊಡಗಿದರು. ಒಳಗೆ ಬಿಡುತ್ತಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಒಂದು ಸಂಜೆ ನಾವಿಬ್ಬರೂ ಹೊರಬಂದಾಗ ಎದ್ದು ನಿಂತರು.

"ಯಾವ ಬೆರಳೇ?"

ಕೇಳುವ ಅಗತ್ಯವಿರಲಿಲ್ಲ. ಅದು ಕೆಂಪಗಿತ್ತು.

"ತೋರ್ಸು. ನನ್ನ ಮಗನ್ನ ಮುಳುಗಿಸಿದ ಬೆರಳು ತೋರ್ಸು."

ಕೈ ಚಾಚಿದೆ. ಅವರು ನನ್ನ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಕಚ್ಚಿದರು. ಅವರಿಗೆ ಮುಂದೆ ನಾಲ್ಕೇ ಹಲ್ಲು. ಆ ನಾಲ್ಕರಿಂದ ಕಚ್ಚಿದರು. ಬೆರಳ ತುದಿಗೆ ಏನೂ ತಿಳಿಯಲಿಲ್ಲ. ಗೆಣ್ಣಿನ ಹತ್ತಿರ ಬಂದಾಗ ತಿಳಿಯಿತು. ಕಾವಲುಗಾರ ನೋಡುತ್ತಿದ್ದ. ಕೆಲಸ ಬಿಟ್ಟು ಬಂದ ಒಂಬತ್ತು ಜನ ನೋಡುತ್ತಿದ್ದರು. ಅತ್ತೆಯ ತುಟಿಯಂಚಿನಲ್ಲಿ ಇಳಿದ ಕೆಂಪಿನಲ್ಲಿ ಬಣ್ಣವೆಷ್ಟು ರಕ್ತವೆಷ್ಟು ಹೇಳುವಂತಿರಲಿಲ್ಲ. ನಾನು ಅಕ್ಕನ ಕಡೆ ನೋಡಿದೆ.

ಅಕ್ಕ ನಿಂತಿದ್ದಳು. ಏನೂ ಹೇಳಲಿಲ್ಲ.

ಮರುದಿನ ಕೆಲಸ ಮುಗಿದ ಮೇಲೆ, ಶೆಡ್ಡಿನ ಹಿಂದೆ, ಥಿನ್ನರ್ ಡಬ್ಬದಲ್ಲಿ ಕೈ ತೊಳೆಯುವ ಜಾಗದಲ್ಲಿ ನಾವಿಬ್ಬರೇ ಇದ್ದೆವು. ಅಕ್ಕ ನನ್ನ ಕೈ ಎಳೆದುಕೊಂಡಳು. ಹಲ್ಲಿನ ಗುರುತಿನ ಮೇಲೆ ಥಿನ್ನರ್ ಅದ್ದಿದ ಚಿಂದಿ ಒತ್ತಿದಳು. ನಾನು ಚೀರಿದೆ.

"ಯಾಕೆ ಹೇಳ್ದೆ?" ಎಂದಳು. ಅವಳ ಬಾಯಿಂದ ನನಗೆ ಬಂದ ಮೊದಲ ಮಾತು, ಮೂರು ವಾರದಲ್ಲಿ.

"ನಿನಗೆ ಹೆಂಗೆ ಅಕ್ಕ, ಅದನ್ನ..."

"ನನಗೆ ಹೆಂಗೆ ಅಂದ್ರೆ? ಅದು ನನ್ನ ಮೂಲೆ. ನಾನು ಒತ್ತಿದ್ದು. ನನ್ನ ಗಂಡ ಹೋಗ್ತಾನೆ ಅಂತ ಗೊತ್ತಿದ್ದೂ ಒತ್ತಿದ್ದು." ಚಿಂದಿಯನ್ನು ಮತ್ತೆ ಅದ್ದಿದಳು. "ನೀನು ನಂದು ಅಂದ್ಬಿಟ್ಟೆ. ಎಲ್ಲರೂ ನನಗೆ ಅಯ್ಯೋ ಪಾಪ ಅಂತಾರೆ. ನಲ್ಲೀಲಿ ನನ್ನ ಬಕೆಟ್ ಮುಂದಕ್ಕಿಡ್ತಾರೆ. ಹೆಂಗಿರುತ್ತೆ ಗೊತ್ತಾ? ಅವನನ್ನ ಕಿತ್ಕೊಂಡ್ರು. ಉಳಿದಿದ್ದು ನನ್ನ ತಪ್ಪು ಒಂದೇ. ಅದನ್ನ ನೀನು ಕಿತ್ಕೊಂಡೆ."

"ಹಂಗಾದ್ರೆ ನೆನ್ನೆ ಅತ್ತೆ ಮುಂದೆ ಹೇಳ್ಬಹುದಿತ್ತು."

ಅಕ್ಕ ನನ್ನ ಮುಖ ನೋಡಿದಳು.

"ಹೇಳ್ಬಹುದಿತ್ತು," ಎಂದಳು. "ಭಯ ಆಯ್ತು."

ಡಬ್ಬದ ಮುಚ್ಚಳ ಹಾಕಿ ಎದ್ದು ಹೋದಳು.

ದೋಣಿಗೆ ಹೊಸ ಹಲಗೆ ಬಂತು. ಹೊಸದೆಂದರೆ ಹಿತ್ತಲಲ್ಲಿ ಮೂರು ತಿಂಗಳು ಬಯಲಿಗೆ ಬಿದ್ದಿದ್ದ ಹಲಗೆ. ಎತ್ತಿದಾಗ ಕೆಳಗಿನಿಂದ ಎರೆಹುಳು ಉದುರಿದವು. ಕೀಸುಳಿ ಹಿಡಿದು ಮೇಲಿನ ಕಪ್ಪು ತೆಗೆದರು. ಎರಡು ದಿನ ಬಿಸಿಗಾಳಿ ಬಿಟ್ಟರು. ಬೆಳ್ಳಗಾಯಿತು. ಮೀನಿನ ಹಂಗಾಮು ಶುರುವಾಗಲು ನಾಲ್ಕು ದಿನವಿತ್ತು. ಬೇರೆಯವರ ದೋಣಿಗಳು ಆಗಲೇ ನೀರಿನಲ್ಲಿದ್ದವು.

ಮೂಲೆ ಎಳೆಯುವ ಬೆಳಿಗ್ಗೆ ಯಜಮಾನನೇ ಬಂದ. ಜೊತೆಗೆ ಬದುಕಿ ಬಂದ ನಾಲ್ವರು. ನಾಳೆ ದೋಣಿ ಇಳಿಸಲು ಅವರನ್ನು ಕರೆಸಿದ್ದ. ಅವರಲ್ಲಿ ಹಿರಿಯನು ಚುಕ್ಕಾಣಿ ಹಿಡಿಯುವವನು. ಕೇರಿಯವರೆಲ್ಲ ಅವನನ್ನು ಚುಕ್ಕಾಣಿ ಮಾವ ಎನ್ನುತ್ತಾರೆ. ಎಣ್ಣೆ ಕ್ಯಾನು ತಬ್ಬಿದ್ದ ತೋಳುಗಳಲ್ಲಿ ಇನ್ನೂ ಕಂದು ಬರೆ ಇತ್ತು.

ಅಡ್ಡಪಟ್ಟಿ ಈ ಸಲ ಎಡಮೂಲೆಯನ್ನು ಅಕ್ಕನಿಗೇ ಕೊಟ್ಟ. "ತಂಗಿ ಕೆಡಿಸಿದ್ದನ್ನ ಅಕ್ಕ ಸರಿಮಾಡ್ಲಿ," ಎಂದು ನಕ್ಕ. ನನಗೆ ಪುಟ್ಟಿ ಕಲಸುವ ಕೆಲಸ. ಅಕ್ಕ ದೋಣಿಯೊಳಗೆ ಇಳಿದು ಮಂಡಿಯೂರಿದಳು. ಹಲಗೆಗೆ ಕೆನ್ನೆ ಇಟ್ಟಳು. ಬಹಳ ಹೊತ್ತು ಇಟ್ಟಳು. ಕಣ್ಣು ಮುಚ್ಚಿತ್ತು. ಆಮೇಲೆ ನನ್ನ ಕಡೆ ಕೈ ಚಾಚಿದಳು. "ಪುಟ್ಟಿ."

ಹಸಿ ಇದೆ ಎನ್ನಲಿಲ್ಲ. ಮತ್ತೆ ಅದೇ, ಎಂದುಕೊಂಡೆ. ಕೊಟ್ಟೆ.

ಅವಳು ಮೂಲೆ ತುಂಬಿದಳು. ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದಳು. ಒಂದೇ ಎಳೆತ. ಅಷ್ಟು ಚೆನ್ನಾದ ಮೂಲೆಯನ್ನು ನಾನು ನೋಡಿರಲಿಲ್ಲ. ನೀರು ಎಳೆದ ಗೆರೆಯ ಹಾಗಿತ್ತು. ಎದ್ದು, ಕೈಯನ್ನು ಚಿಂದಿಗೆ ಒರೆಸಿಕೊಂಡು, ದೋಣಿಯ ಅಂಚಿಗೆ ಬಂದು ನಿಂತಳು.

"ಒತ್ತೇ," ಎಂದ ಅಡ್ಡಪಟ್ಟಿ.

"ಯಜಮಾನ್ರು ಒತ್ಲಿ."

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ ಅಂತ ಕಾಣುತ್ತದೆ. ಅಕ್ಕ ಮತ್ತೆ ಹೇಳಿದಳು. ಕೂಗಲಿಲ್ಲ.

"ಮರ ಹಸಿ ಇದೆ. ಒಣಗಿದೆ ಅನ್ನೋರು ಬಂದು ಒತ್ಲಿ. ಒತ್ತಿದ್ರೆ ನಾನು ಬಟ್ಟೆ ಹಾಸ್ತೀನಿ."

ಯಜಮಾನ ನಕ್ಕ. "ಏನಮ್ಮ ಇದು. ಕೆಲಸ ಮಾಡಿದವರು ತಾನೆ ಒತ್ತೋದು?"

"ಒಣಗಿದೆ ಅಂತ ಹೇಳೋದೂ ಒಂದು ಕೆಲಸ. ಅದನ್ನ ಮಾಡಿದ್ದು ನೀವು. ಹೋದ ಸಲಾನೂ ನೀವೇ."

"ಗಂಡ ಸತ್ತ ದುಃಖ," ಎಂದ ಯಜಮಾನ ನಾಲ್ವರ ಕಡೆ ತಿರುಗಿ. "ನಾನೂ ಸಹಿಸ್ಕೊತಾ ಇದೀನಿ."

ಚುಕ್ಕಾಣಿ ಮಾವ ಕೆಮ್ಮಿದ. ಪುಟ್ಟಿಗೆ ಗಟ್ಟಿ ಮಾಡುವ ದ್ರವ ಬೆರೆಸಿದರೆ ಕಾಲು ಗಂಟೆ. ಆಮೇಲೆ ಅದು ಯಾರ ಬೆರಳನ್ನೂ ಒಪ್ಪಿಕೊಳ್ಳುವುದಿಲ್ಲ. ನಾನು ಕಲಸಿದ ಡಬ್ಬ ಆಗಲೇ ಬೆಚ್ಚಗಾಗಿತ್ತು. ಬೆರಳಿಗೆ ತಿಳಿಯಲಿಲ್ಲ. ತೊಡೆಗೆ ತಾಗಿ ತಿಳಿಯಿತು.

"ಒಂದು ಬೆರಳು ತಾನೆ ಯಜಮಾನ್ರೆ," ಎಂದ ಚುಕ್ಕಾಣಿ ಮಾವ. ತಮಾಷೆಗೆ ಹೇಳುವವನ ಹಾಗೆ ಹೇಳಿದ, ಆದರೆ ನಗಲಿಲ್ಲ. "ಥಿನ್ನರ್ ಇದೆ. ತೊಳ್ಕೊಂಡ್ರಾಯ್ತು."

"ನಿನಗೂ ತಲೆ ಕೆಟ್ಟಿದೆಯಾ?"

"ಇಲ್ಲ. ನಾಳೆ ಅದರಲ್ಲಿ ಹೋಗೋದು ನಾವು. ಅದಕ್ಕೇ ಹೇಳ್ದೆ."

ಯಜಮಾನ ತನ್ನ ಕೈ ನೋಡಿಕೊಂಡ. ನಾವೆಲ್ಲ ಆ ಕೈಯನ್ನೇ ನೋಡುತ್ತಿದ್ದೆವು. ಬಿಳುಪಾದ ಹೆಬ್ಬೆರಳು. ಉಗುರು ನೀಟಾಗಿ ಕತ್ತರಿಸಿದ್ದು. ತುದಿಯ ತುಂಬ ಗೆರೆ, ಸುತ್ತಿ ಸುತ್ತಿ ಬಂದ ಗೆರೆ, ಒಂದೂ ಸವೆದಿರಲಿಲ್ಲ. ಆ ಕೈಯನ್ನು ಜೇಬಿಗೆ ಹಾಕಿಕೊಂಡ.

"ನೀನು ಒತ್ತೋ," ಎಂದ ಅಡ್ಡಪಟ್ಟಿಗೆ.

ಅಡ್ಡಪಟ್ಟಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಅಲ್ಲೇ ನಿಂತ. ತಿರುಗಿ ನನ್ನನ್ನು ನೋಡಿದ.

"ಇವಳಿದಾಳಲ್ಲ! ಹೆಂಗೂ ಬಣ್ಣ ಹಚ್ಚಿದ ಬೆರಳು."

ನನ್ನ ಮಣಿಕಟ್ಟು ಹಿಡಿದು ಏಣಿಗೆ ಎಳೆದ. ನಾನು ಹೆಬ್ಬೆರಳನ್ನು ಒಳಗೆ ಮಡಿಸಿ ಅದರ ಮೇಲೆ ಉಳಿದ ನಾಲ್ಕು ಬೆರಳು ಮುಚ್ಚಿಕೊಂಡೆ. ಹೊಡೆಯುವವರು ಹಾಗೆ ಮುಷ್ಟಿ ಕಟ್ಟುವುದಿಲ್ಲ. ಕೊಡದವರು ಕಟ್ಟುತ್ತಾರೆ. ಅವನು ಬಿಚ್ಚಲು ನೋಡಿದ. ಆಗಲಿಲ್ಲ. ಹತ್ತು ವರ್ಷ ಅರ ಹಿಡಿದ ಕೈ. ಏಣಿಯ ಮೆಟ್ಟಿಲ ಮೇಲೆ ನನ್ನ ಮುಷ್ಟಿಯನ್ನು ಅದುಮಿ ಹಿಡಿದು ಉಕ್ಕಿನ ಪಟ್ಟಿಯ ಅಂಚಿನಿಂದ ಹೊಡೆದ. ಚಪ್ಪಟೆ ಮೈಯಿಂದಲ್ಲ, ಅಂಚಿನಿಂದ. ಒಂದು. ಎರಡು. ಮೂರನೆಯದಕ್ಕೆ ಗೆಣ್ಣಿನೊಳಗೆ ಕಡ್ಡಿ ಮುರಿದ ಸದ್ದು. ಗೆಣ್ಣು ಸತ್ತಿರಲಿಲ್ಲ. ನಾನು ಕೂಗಿದೆ. ಮುಷ್ಟಿ ಬಿಡಲಿಲ್ಲ.

"ಬಿಚ್ಚೇ!"

"ಬಿಚ್ಚಲ್ಲ."

"ಬಿಚ್ಚೇ ಮುಂಡೆ!"

"ನಿಂದು ಒತ್ತೋ," ಎಂದೆ. ಜೀವನದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದೆ. "ನಿನಗೂ ಹೆಬ್ಬೆಟ್ಟು ಇದೆಯಲ್ಲೋ, ಅದನ್ನ ಒತ್ತೋ!"

ಅಕ್ಕ ನನ್ನ ನೆರವಿಗೆ ಇಳಿದು ಬರಲಿಲ್ಲ. ಮೂಲೆಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ ನಿಂತಿದ್ದಳು. ಅವಳನ್ನು ದಾಟದೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನನ್ನ ಕೂಗು ಅವಳಿಗೆ ಕೇಳುತ್ತಿತ್ತು. ಅಲುಗಲಿಲ್ಲ.

ನನ್ನ ಕೈಯಿಂದ ನೆಲಕ್ಕೆ ಬಿದ್ದಿದ್ದ ಪುಟ್ಟಿಯ ಡಬ್ಬದಿಂದ ಹೊಗೆ ಎದ್ದಿತು. ಒಳಗೆ ಉಳಿದದ್ದು ಕುದಿದು, ಸಿಡಿದು, ಕಲ್ಲಾಯಿತು. ಅಡ್ಡಪಟ್ಟಿ ಅದನ್ನು ನೋಡಿ ನನ್ನ ಕೈ ಬಿಟ್ಟ.

ಅಕ್ಕ ಪಕ್ಕಕ್ಕೆ ಸರಿದಳು. ಮೂಲೆಯನ್ನು ಬೆರಳಿನಿಂದ ತಟ್ಟಿದಳು. ಟಕ್ ಎಂದಿತು. ಗುಂಡಿಯಿಲ್ಲದ ಮೂಲೆ.

ಚುಕ್ಕಾಣಿ ಮಾವ ಏಣಿ ಹತ್ತಿದ. ಯಾರೂ ತಡೆಯಲಿಲ್ಲ. ಪುಟ್ಟಿ ಬಳಿಯದ ಕಡೆ, ಬಲಗಡೆ, ಹಲಗೆಗೆ ಕೆನ್ನೆ ಇಟ್ಟ. ಗಡ್ಡ ಅಡ್ಡ ಬಂದಿತೇನೋ, ಮುಖ ತಿರುಗಿಸಿ ಇನ್ನೊಂದು ಸಲ ಇಟ್ಟ. ಇಳಿದು ಬಂದ. ದೋಣಿಯ ಪಕ್ಕ ಮೊದಲೇ ತಂದಿಟ್ಟಿದ್ದ ತನ್ನ ಮಳೆಯಂಗಿಯನ್ನು ಹೆಗಲಿಗೆ ಹಾಕಿಕೊಂಡ. ಉಳಿದ ಮೂವರೂ ತಮ್ಮ ತಮ್ಮ ಚೀಲ ತೆಗೆದುಕೊಂಡರು.

"ಎಲ್ಲಿಗ್ರೋ?" ಎಂದ ಯಜಮಾನ.

"ಮನೆಗೆ."

"ನಾಳೆಯಿಂದ ಯಾವ ದೋಣಿಗೂ ಹತ್ತಿಸಲ್ಲ ನಿಮ್ಮನ್ನ. ನೆನಪಿರ್ಲಿ."

ಅವರು ಹೋದರು. ಯಜಮಾನನ ಮೆಲುಮಾತಿನ ಮುಸುಕು ಆಗ ಹರಿಯಿತು. ನಮ್ಮಿಬ್ಬರನ್ನೂ ಅವನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ವರ್ಷ ಅಡ್ಡಪಟ್ಟಿ ಕೂಗಿದ್ದೆಲ್ಲ ಇವನ ಬಾಯಿಂದಲೇ ಬಂದದ್ದೆಂದು ತಿಳಿಯಿತು. ಕಾವಲುಗಾರ ಬಂದು ನಮ್ಮ ಅರ, ಉಪ್ಪುಕಾಗದದ ಕಟ್ಟುಗಳನ್ನು ಕಿತ್ತುಕೊಂಡ. ಗೇಟಿನವರೆಗೆ ತಳ್ಳಿಕೊಂಡು ಬಂದ. ಅಕ್ಕ ದಾರಿಯಲ್ಲಿ ತನ್ನ ತಲೆಬಟ್ಟೆ ಹರಿದು ನನ್ನ ಕೈಗೆ ಸುತ್ತಿದಳು. ಕೈ ಊದಿ ಮುಷ್ಟಿ ಬಿಚ್ಚಬೇಕೆಂದರೂ ಬಿಚ್ಚದಂತಾಗಿತ್ತು. ಇವತ್ತಿಗೂ ಆ ಹೆಬ್ಬೆರಳು ಒಳಕ್ಕೆ ಬಾಗಿಯೇ ಇದೆ. ಯಾವ ಮೂಲೆಯನ್ನೂ ಎಳೆಯಲು ಬರುವುದಿಲ್ಲ.

ಗೇಟಿನ ಹೊರಗೆ ಅತ್ತೆ ಕಲ್ಲಿನ ಮೇಲೆ ಕೂತಿದ್ದರು. ಅಕ್ಕ ಅವರ ಮುಂದೆ ನಿಂತಳು.

"ಅತ್ತೆ. ಅವತ್ತು ನೀವು ಕಚ್ಚಿದ್ದು ಇವಳ ಬೆರಳು. ಅದಲ್ಲ." ಬಲಗೈ ಚಾಚಿದಳು. ಹೆಬ್ಬೆರಳಿಗೆ ಇನ್ನೂ ಪುಟ್ಟಿ ಅಂಟಿತ್ತು. "ಎಡಮೂಲೆ ನಂದು. ಮರ ಹಸಿ ಇದೆ ಅಂತ ಗೊತ್ತಿತ್ತು. ಒತ್ತು ಅಂದ್ರು. ಒತ್ತಿದೆ. ಇದು."

ಅತ್ತೆ ಅವಳ ಮುಖ ನೋಡಲಿಲ್ಲ. ಬೆರಳು ನೋಡಿದರು. ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಬಾಯಿಗಿಟ್ಟುಕೊಂಡರು.

ನನ್ನದನ್ನು ಕಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ಕಚ್ಚಿದರು. ಅಕ್ಕ ಕಣ್ಣು ಮುಚ್ಚಲಿಲ್ಲ. ಸದ್ದು ಮಾಡಲಿಲ್ಲ. ರಕ್ತ ಮೊಣಕೈಗೆ ಇಳಿಯಿತು. ಅತ್ತೆಯ ದವಡೆ ನಡುಗುತ್ತಿತ್ತು.

ಕೊನೆಗೆ ಬಿಟ್ಟರು. ಮುಂಗೈಯಿಂದ ಬಾಯಿ ಒರೆಸಿಕೊಂಡರು. ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಒತ್ತು ಅಂದಿದ್ದು ಯಾರು?"

ಅಕ್ಕ ರಕ್ತ ಸುರಿಯುವ ಆ ಬೆರಳಿನಿಂದಲೇ ಶೆಡ್ಡಿನ ಕಡೆ ತೋರಿಸಿದಳು. ಯಜಮಾನ ಬಾಗಿಲಲ್ಲಿ ನಿಂತಿದ್ದ. ಕೈ ಇನ್ನೂ ಜೇಬಿನಲ್ಲಿತ್ತು.

ಅತ್ತೆ ಎದ್ದರು. ಕಾವಲುಗಾರ ಅವರ ಬಾಯಿ ನೋಡಿ ದಾರಿ ಬಿಟ್ಟ. ಒಂದು ತಿಂಗಳಿಂದ ದಾಟದ ಗೇಟನ್ನು ದಾಟಿ, ಅತ್ತೆ ಒಳಗೆ ಹೋದರು.